ಪೆಟ್ರಾಪೋಲ್ ಗೇಟಿನಲ್ಲಿ ಲಾರಿ ನಿಂತಷ್ಟೂ ಅಪಾಯ ಜಾಸ್ತಿ

ಗಡಿ ಭದ್ರತೆ ಅಂದ ಕೂಡಲೇ ಮುಳ್ಳುತಂತಿ ಬೇಲಿ, ಬಿಎಸ್‌ಎಫ್ ಯೋಧರು ನೆನಪಾಗುತ್ತಾರೆ. ಅದು ಬೇಕೇ ಬೇಕು. ಆದರೆ ಬಾಂಗ್ಲಾದೇಶಕ್ಕೆ ಒಣಮೆಣಸಿನಕಾಯಿ ಕಳಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು ನಾನು ಕಂಡಿದ್ದು ಇನ್ನೊಂದು ಮುಖ. ಗಡಿಯಲ್ಲಿ ಲಾರಿ ಎಷ್ಟು ದಿನ ನಿಲ್ಲುತ್ತದೋ ಅಷ್ಟು ಅಪಾಯ, ನಮಗೂ, ಎರಡೂ ದೇಶಕ್ಕೂ.

ನಮ್ಮ ಲೋಡಿನಲ್ಲಿ ಬ್ಯಾಡಗಿ ಕಮ್ಮಿ, ಗುಂಟೂರು ಕಡೆಯ ಖಾರದ ಕಾಯಿ ಜಾಸ್ತಿ. ಆಚೆಯವರಿಗೆ ಬಣ್ಣಕ್ಕಿಂತ ಖಾರ ಮುಖ್ಯ. ಲಾರಿ ಕೋಲ್ಕತ್ತಾ ದಾಟಿ, ಜೆಸ್ಸೋರ್ ರಸ್ತೆ ಹಿಡಿದು ಬೊಂಗಾವ್ ಸೇರುತ್ತದೆ. ಅಲ್ಲೇ ಪಕ್ಕದಲ್ಲಿ ನಮ್ಮ ಕಡೆಯ ಗಡಿ ಗೇಟು ಪೆಟ್ರಾಪೋಲ್, ಗೇಟಿನಾಚೆ ಬಾಂಗ್ಲಾದೇಶದ ಬೆನಾಪೋಲ್. ಭಾರತ–ಬಾಂಗ್ಲಾ ಗಡಿ 4,096 ಕಿ.ಮೀ. ಉದ್ದ ಇದ್ದರೂ ರಸ್ತೆ ಮೇಲಿನ ವ್ಯಾಪಾರದ ದೊಡ್ಡ ಪಾಲು ಈ ಒಂದು ಗೇಟಿನಲ್ಲೇ ಹಾದುಹೋಗುತ್ತದೆ. 2016ರಲ್ಲಿ ಹೊಸ ಚೆಕ್‌ಪೋಸ್ಟ್, ದೊಡ್ಡ ಯಾರ್ಡು ಬಂದವು. ಆದರೂ ಪಾರ್ಕಿಂಗ್‌ನಲ್ಲಿ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಕಾಯುವುದು ತಪ್ಪಲಿಲ್ಲ.

ಆ ಕಾಯುವ ದಿನಗಳಲ್ಲಿ ಏನಾಗುತ್ತದೆ ಅಂತ ಗೊತ್ತಾ? ಡ್ರೈವರ್‌ಗೆ ಬಂಗಾಳಿ ಬರುವುದಿಲ್ಲ, ಕೈಯಲ್ಲಿದ್ದ ದುಡ್ಡು ಖಾಲಿ. ಯಾರೋ ಬಂದು ಚಹಾ ಕುಡಿಸುತ್ತಾನೆ, ಮಾತಾಡಿಸುತ್ತಾನೆ. ಒಂದು ರಾತ್ರಿ ದಾವಣಗೆರೆ ಕಡೆಯ ನಮ್ಮ ಡ್ರೈವರ್ ಫೋನ್ ಮಾಡಿದ. ‘ಸಾರ್, ಒಂದು ಸಣ್ಣ ಡಬ್ಬ ಆಚೆ ಮುಟ್ಟಿಸು, ದುಡ್ಡು ಕೊಡ್ತೀನಿ ಅಂತ ಒಬ್ಬ ಹಿಂದೆ ಬಿದ್ದಿದ್ದಾನೆ, ಏನು ಮಾಡ್ಲಿ?’ ಲಾರಿಯನ್ನು ಬೆಳಕಿರುವ ಕಡೆ ತಂದು ನಿಲ್ಲಿಸು, ಕ್ಲೀನರ್‌ನ ಬಿಟ್ಟು ಎಲ್ಲೂ ಹೋಗಬೇಡ ಅಂದೆ. ಆ ಗಡಿಯಲ್ಲಿ ನಶೆಗೆ ಕುಡಿಯುವ ಕೆಮ್ಮಿನ ಸಿರಪ್ಪು ಕದ್ದು ಆಚೆ ಹೋಗುತ್ತದೆ, ಚಿನ್ನ ಈಚೆ ಬರುತ್ತದೆ. ಬಿಎಸ್‌ಎಫ್ ಹಿಡಿದ ಸುದ್ದಿ ಬರುತ್ತಲೇ ಇರುತ್ತದೆ. ಸಿಕ್ಕಿಬಿದ್ದರೆ ಡ್ರೈವರ್ ಜೈಲಿಗೆ, ಲಾರಿ ಜಪ್ತಿ, ಮೆಣಸಿನಕಾಯಿ ಗೋದಾಮಿನಲ್ಲಿ ಬೂಷ್ಟು.

ಅದಕ್ಕೇ ನಮ್ಮದೇ ಒಂದು ಪದ್ಧತಿ ಮಾಡಿಕೊಂಡೆವು. ಲೋಡಿಂಗ್‌ಗೆ ಗುರುತಿನ ಹಮಾಲರೇ. ಚೀಲಗಳ ಸಾಲು ಸಾಲಿಗೂ ಫೋಟೋ, ಆಮೇಲೆ ತಾಡಪತ್ರಿ. ಹಗ್ಗದ ಎರಡೂ ತುದಿ ಹಿಂದಿನ ಬಾಗಿಲ ಹತ್ತಿರ ಒಂದೇ ಕಡೆ ಬರುವ ಹಾಗೆ ಕಟ್ಟಿ ಅಲ್ಲೇ ಸೀಲು. ಗಂಟು ಬಿಚ್ಚದೆ, ಸೀಲು ಒಡೆಯದೆ ಚೀಲಕ್ಕೆ ಕೈ ಹಾಕಲು ಆಗಬಾರದು. ಡ್ರೈವರ್ ಬೆಳಿಗ್ಗೆ, ಸಂಜೆ ಸೀಲಿನ ಫೋಟೋ ಕಳಿಸಬೇಕು, ನಂಬರ್ ಕಾಣಬೇಕು. ಡ್ರೈವರ್‌ನ ದಿನಭತ್ಯೆ ಒಟ್ಟಿಗೆ ಕೊಡುವ ಬದಲು ದಿನಾ ಫೋನಿಗೆ ಹಾಕುತ್ತೇವೆ, ಯಾಕೆಂದರೆ ಕೈ ಬರಿದಾದ ಡ್ರೈವರ್‌ನನ್ನೇ ಅವರು ಹುಡುಕುವುದು. ವಾಪಸ್ ಬರುವಾಗ ಕ್ಯಾಬಿನ್, ಸೀಟಿನ ಅಡಿ, ಟೂಲ್ ಬಾಕ್ಸ್ ಎಲ್ಲ ತಾನೇ ನೋಡಿಕೊಂಡು ಆಮೇಲೆ ಬೆನಾಪೋಲ್ ಯಾರ್ಡ್ ಬಿಡಬೇಕು. ಆಚೆ ನಮ್ಮ ಸರಕಿನ ಕಸ್ಟಮ್ಸ್ ಕೆಲಸ ನೋಡುವ ಕ್ಲಿಯರಿಂಗ್ ಏಜೆಂಟ್ ನನ್ನನ್ನು ದಾದಾ ಅಂತಾರೆ, ನಾನು ಭಾಯ್ ಅಂತೀನಿ. ಅವರ ಕೈಗೂ ಅದೇ ಫೋಟೋಗಳು ಹೋಗುತ್ತವೆ. 2022ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ‘ಸುವಿಧಾ’ ಅಂತ ಆನ್‌ಲೈನ್ ಸ್ಲಾಟ್ ತಂದ ಮೇಲೆ ಸ್ಲಾಟ್ ದಿನ ನೋಡಿಕೊಂಡೇ ಲಾರಿ ಹೊರಡಿಸುತ್ತೇವೆ. ಕಾಯುವುದು ಕಮ್ಮಿ ಆಯಿತು, ರಾತ್ರಿಯ ಫೋನೂ ಕಮ್ಮಿ ಆಯಿತು.

ಆದರೆ ನಮ್ಮ ಕೈಯಲ್ಲಿ ಇಲ್ಲದ್ದು ಬಹಳ. 2022ರಲ್ಲಿ ಯುಕ್ರೇನ್ ಯುದ್ಧದಿಂದ ತೈಲ, ಗೋಧಿ ತುಟ್ಟಿ ಆಗಿ ಬಾಂಗ್ಲಾದೇಶದಲ್ಲಿ ಡಾಲರ್‌ಗೆ ಬರ ಬಂತು. ಎಲ್‌ಸಿ, ಅಂದರೆ ಕೊಳ್ಳುವವರ ಪರವಾಗಿ ಹಣಕ್ಕೆ ಬ್ಯಾಂಕು ಕೊಡುವ ಖಾತರಿ ಪತ್ರ, ತೆರೆಯಲು ಅಲ್ಲಿನ ಬ್ಯಾಂಕುಗಳು ಹಿಂದೇಟು ಹಾಕಿದವು. ಎಲ್ಲಿಯೋ ಯುದ್ಧ, ಇಲ್ಲಿ ಮೆಣಸಿನಕಾಯಿ ವ್ಯಾಪಾರಿ ತಲೆ ಮೇಲೆ ಕೈ ಹೊತ್ತು ಕೂತ. ಅವತ್ತಿನಿಂದ ಎಲ್‌ಸಿ ಪ್ರತಿ ಬಂದು, ನಮ್ಮ ಬ್ಯಾಂಕು ಸರಿ ಅನ್ನುವ ತನಕ ಒಂದು ಚೀಲವನ್ನೂ ಲಾರಿಗೆ ಏರಿಸುವುದಿಲ್ಲ.

ಇನ್ನು ಈರುಳ್ಳಿ. 2019ರ ಸೆಪ್ಟೆಂಬರ್‌ನಲ್ಲಿ ಭಾರತ ರಫ್ತು ನಿಲ್ಲಿಸಿದಾಗ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಗೆ ಬಂದು, ಅಡುಗೆಯವರಿಗೆ ಈರುಳ್ಳಿ ಹಾಕಬೇಡಿ ಅಂದಿದ್ದೇನೆ ಎಂದಿದ್ದರು. ಮುಂದಿನ ವರ್ಷ ಸೆಪ್ಟೆಂಬರ್ 14ಕ್ಕೆ ಮತ್ತೆ ರಾತ್ರೋರಾತ್ರಿ ನಿಷೇಧ. ವಿದೇಶ ವ್ಯಾಪಾರ ನೀತಿಯ 1.05ನೇ ಪ್ಯಾರಾ ಪ್ರಕಾರ, ಆದೇಶಕ್ಕೆ ಮುಂಚೆ ಎಲ್‌ಸಿ ಆಗಿರುವ ಸರಕಿಗೆ ಸಾಮಾನ್ಯವಾಗಿ ದಾರಿ ಬಿಡಬೇಕು. ಆದರೆ ಆ ಆದೇಶದಲ್ಲೇ ‘ಈ ಅವಕಾಶ ಅನ್ವಯಿಸುವುದಿಲ್ಲ’ ಅಂತ ಬರೆದಿತ್ತು. ಗೇಟಿನ ಮುಂದೆ ನಿಂತಿದ್ದ ಈರುಳ್ಳಿ ನೀರು ಬಿಡಲು ಶುರುವಾಯಿತು. ಕೆಲವು ದಿನ ಬಿಟ್ಟು ಒಂದಷ್ಟಕ್ಕೆ ಅನುಮತಿ ಸಿಕ್ಕಿತು, ಅಷ್ಟರಲ್ಲಿ ಎಷ್ಟೋ ಕೊಳೆತುಹೋಗಿತ್ತು. ಅವರು ಟರ್ಕಿ, ಈಜಿಪ್ಟ್, ಪಾಕಿಸ್ತಾನದಿಂದ ಈರುಳ್ಳಿ ತರಿಸಿಕೊಂಡರು. ನಮ್ಮ ರೈತರೂ ಗ್ರಾಹಕರೂ ನಮಗೆ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಢಾಕಾದಲ್ಲಿ ಒಂದು ಕಿಲೋ ಈರುಳ್ಳಿಗಾಗಿ ಸಾಲು ನಿಂತವರು ಬೈದಿದ್ದು ಭಾರತವನ್ನು ಅಲ್ವಾ? ಆ ಸಿಟ್ಟು ಬೇಲಿಯಿಂದ ತಡೆಯುವಂಥದ್ದಲ್ಲ.

2024ರ ಆಗಸ್ಟ್ 5ರಂದು ಹಸೀನಾ ಸರ್ಕಾರ ಬಿದ್ದಾಗ ನಮ್ಮ ಲಾರಿಗಳು ಬೆನಾಪೋಲ್ ಒಳಗಿದ್ದವು. ಆ ಏಜೆಂಟ್ ಭಾಯ್ ನಮ್ಮ ಡ್ರೈವರ್‌ಗಳಿಗೆ ಊಟ ಕೊಡಿಸಿ, ತಮ್ಮ ಗೋದಾಮಿನಲ್ಲೇ ಮಲಗಿಸಿ, ಗೇಟು ತೆರೆದ ಮೇಲೆ ವಾಪಸ್ ಕಳಿಸಿದರು. ವ್ಯಾಪಾರದ ನಂಟು ಇಲ್ಲದಿದ್ದರೆ ಆ ದಿನಗಳಲ್ಲಿ ಯಾರಿಗೆ ಫೋನ್ ಮಾಡುತ್ತಿದ್ದೆ?

2025ರಲ್ಲಿ ಎರಡೂ ಕಡೆ ಹಟ ಹೆಚ್ಚಿತು. ಏಪ್ರಿಲ್‌ನಲ್ಲಿ ನಾವು ಅವರ ಸರಕಿಗೆ ನಮ್ಮ ದಾರಿಯಲ್ಲಿ ಮೂರನೇ ದೇಶಕ್ಕೆ ಹೋಗಲು ಇದ್ದ ಅನುಕೂಲ ತೆಗೆದೆವು, ಅವರು ರಸ್ತೆ ಮೂಲಕ ನೂಲು ಬರುವುದನ್ನು ನಿಲ್ಲಿಸಿದರು. ಮೇ 17ರಂದು ನಾವು ಅವರ ಸಿದ್ಧ ಉಡುಪು ಕೋಲ್ಕತ್ತಾ, ನ್ಹಾವಾ ಶೇವಾ ಬಂದರಿನಲ್ಲಿ ಮಾತ್ರ ಬರಲಿ ಅಂದೆವು. ಬೊಂಗಾವ್‌ನಲ್ಲಿ ಲೋಡಿಂಗ್ ನಂಬಿಕೊಂಡ ಹುಡುಗರ ಕೈಗೆ ಕೆಲಸ ಕಮ್ಮಿ ಆದರೆ, ಡಬ್ಬ ಹಿಡಿದು ಓಡಾಡುವವನಿಗೆ ಜನ ಸಿಗುವುದು ಸುಲಭ.

ಸರ್ಕಾರಗಳನ್ನು ನಾನು ಕೇಳುವುದು ದೊಡ್ಡದೇನಲ್ಲ. ನಿರ್ಬಂಧ ಹಾಕಲೇಬೇಕಾದರೆ ಹಾಕಿ, ಆದರೆ ಆ 1.05ನೇ ಪ್ಯಾರಾ ತೆಗೆಯಬೇಡಿ. ಎಲ್‌ಸಿ ಆಗಿ, ಸೀಲು ಬಿದ್ದು, ರಸ್ತೆಗೆ ಇಳಿದ ಲಾರಿಯನ್ನು ಗೇಟು ದಾಟಲು ಬಿಡಿ. ಆಚೆಯವರೂ ನಮ್ಮ ಸರಕಿಗೆ ಅದನ್ನೇ ಮಾಡಲಿ.