ಹಸುಗಳ ಸ್ಕ್ಯಾನಿಂಗ್ ನಾನು ಕಲಿತದ್ದು ಹೀಗೆ

ಪಶುವೈದ್ಯ ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಸ್ನಾತಕೋತ್ತರ ಪದವಿಯಾದ ಎಂವಿಎಸ್ಸಿಗೆ ಇನ್ನೆರಡು ವರ್ಷ. ದಿನಾ ಹಳ್ಳಿ ಸುತ್ತುವ ಎಲ್ಲರಿಗೂ ಅದು ಆಗುವ ಮಾತಲ್ಲ. ಹಾಗಂತ ಕಲಿಯೋದು ನಿಲ್ಲಿಸಬೇಕಾ? ನಾನು ಒಂದೇ ವಿಷಯ ಹಿಡಿದೆ, ಹಸುವಿನ ಗರ್ಭಕೋಶದ ಸ್ಕ್ಯಾನಿಂಗ್. ನಮ್ಮ ಚನ್ನರಾಯಪಟ್ಟಣದ ಕಡೆ "ಎಷ್ಟು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ್ರೂ ಗಬ್ಬ ನಿಲ್ತಿಲ್ಲ ಡಾಕ್ಟ್ರೇ" ಅನ್ನೋರೇ ಜಾಸ್ತಿ. ಒಂದು ಬೆದೆ ಕೈತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು, ಹಿಂಡಿ ಖರ್ಚು ಮಾತ್ರ ಕಾಯಲ್ಲ.

ಮೊದಲು ಒಂದು ಚಿಕ್ಕ ತರಬೇತಿಗೆ ಹೋದೆ. ಆಮೇಲೆ ರಜೆ ಸಿಕ್ಕಾಗಲೆಲ್ಲ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹಿರಿಯರ ಪಕ್ಕ ನಿಂತು ನೋಡಿದೆ. ಆದರೆ ನಿಜವಾದ ಕಲಿಕೆ ಆಗಿದ್ದು ನನ್ನದೇ ಕೇಸುಗಳಲ್ಲಿ. ಪ್ರತಿ ಹಸುವಿಗೂ ಮೊದಲು ಗುದದ್ವಾರದೊಳಗೆ ಕೈ ಹಾಕಿ ಗರ್ಭಕೋಶ, ಅಂಡಾಶಯ ಮುಟ್ಟಿ ನೋಡಿ, ನನಗೆ ಸಿಕ್ಕಿದ್ದನ್ನು ಪುಸ್ತಕದಲ್ಲಿ ಬರೆದು, ಆಮೇಲಷ್ಟೇ ಪ್ರೋಬ್, ಅಂದರೆ ಸ್ಕ್ಯಾನಿಂಗ್ ಮಷಿನ್‌ನ ಒಳಗೆ ಹಾಕುವ ಭಾಗವನ್ನು, ಅದೇ ದಾರಿಯಲ್ಲಿ ಹಾಕುತ್ತಿದ್ದೆ. ಈ ಕ್ರಮ ಬಿಡಬೇಡಿ. ಕೈಗೆ ಅಂಡಾಶಯ ಸಿಗದವರಿಗೆ ಪರದೆಯಲ್ಲೂ ಸಿಗಲ್ಲ.

ಸಗಣಿ ಪೂರ್ತಿ ತೆಗೆಯಬೇಕು, ಪ್ರೋಬಿನ ಕವರ್ ಒಳಗೆ ಜೆಲ್ ತುಂಬಬೇಕು. ನಡುವೆ ಗಾಳಿ ಇದ್ದರೆ ಏನೂ ಕಾಣಲ್ಲ. ಬಿಸಿಲಲ್ಲಂತೂ ಪರದೆ ನೋಡೋಕೇ ಆಗಲ್ಲ, ಹಸುವನ್ನು ಕೊಟ್ಟಿಗೆಯೊಳಗೇ ಕಟ್ಟಿಸಿ. ಗಬ್ಬದ ನೀರು ಕಪ್ಪಗೆ ಕಾಣುತ್ತದೆ, ಅದರೊಳಗೆ ಬೂದು ಬಣ್ಣದ ಚಿಕ್ಕ ಭ್ರೂಣ, ಅದರ ನಡುವೆ ಪಟಪಟ ಬಡಿಯುವ ಎದೆ. 30 ದಿನದ ಹೊತ್ತಿಗೆ ಇದು ಚೆನ್ನಾಗಿ ಕಾಣುತ್ತದೆ. ಬರೀ ಕೈಯಲ್ಲಾದರೆ ಒಂದೂವರೆ ಎರಡು ತಿಂಗಳು ಕಾಯಬೇಕು. ಮೊದಲ ಸಲ ಆ ಬಡಿತ ರೈತರಿಗೆ ತೋರಿಸಿದಾಗ ಮನೆಯವರೆಲ್ಲ ಬಂದು ನಿಂತು ನೋಡಿದ್ದರು, ನನಗೂ ಅಷ್ಟೇ ಖುಷಿ.

ಇದಕ್ಕಿಂತ ದೊಡ್ಡ ಉಪಯೋಗ ಅಂಡಾಶಯದ ಸಿಸ್ಟ್, ಅಂದರೆ ನೀರು ತುಂಬಿದ ಗುಳ್ಳೆಯ ವಿಷಯದಲ್ಲಿ. ತೆಳು ಗೋಡೆಯದಾದರೆ ಫಾಲಿಕ್ಯುಲರ್ ಅನ್ನೋ ಬಗೆ, ಅದಕ್ಕೆ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ಮದ್ದು. ದಪ್ಪ ಗೋಡೆಯದಾದರೆ ಲೂಟಿಯಲ್ ಅನ್ನೋ ಬಗೆ, ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಅನ್ನೋ ಬೇರೆ ಮದ್ದು. ಕೈಯಲ್ಲಿ ಇವೆರಡನ್ನೂ ಬೇರೆ ಮಾಡೋದು ತುಂಬಾ ಕಷ್ಟ. ಪ್ರೊಸ್ಟಾಗ್ಲಾಂಡಿನ್ ಕೊಡೋ ಮುಂಚೆ ಗಬ್ಬ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು, ಇದ್ದರೆ ಕಂದು ಹಾಕಿಬಿಡುತ್ತದೆ.

ಮಷಿನ್ ಕೊಳ್ಳುವ ಆತುರ ಬೇಡ, ಮೊದಲು ಯಾರದ್ದಾದರೂ ಮಷಿನ್‌ನಲ್ಲಿ ಕಣ್ಣು ಪಳಗಲಿ. ಇನ್ನೊಂದು ಮಾತು, 30 ದಿನಕ್ಕೆ ಗಬ್ಬ ಅಂದ ಹಸುವನ್ನು 60 ದಿನಕ್ಕೆ ಮತ್ತೆ ನೋಡಿ. ನಡುವೆ ಭ್ರೂಣ ಹೋಗಿಬಿಡೋದು ಉಂಟು, ಅದನ್ನು ರೈತರಿಗೆ ಮೊದಲ ದಿನವೇ ಹೇಳಿಡಿ.