ಗುಜರಿಯ ಸಲಕರಣೆ, ಕುಂಡದ ಟೊಮೆಟೊ

ಟೊಮೆಟೊ ಬೆಳೆಯಲು ನಾನು ಬಳಸುವ ಸಲಕರಣೆಗಳಲ್ಲಿ ಕತ್ತರಿಯೊಂದನ್ನು ಬಿಟ್ಟರೆ ಉಳಿದವೆಲ್ಲ ಗುಜರಿಗೆ ಹೋಗಬೇಕಿದ್ದ ವಸ್ತುಗಳಿಂದ ನಾನೇ ಮಾಡಿಕೊಂಡವು. 5 ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ಹಿಡಿಕೆ ಉಳಿಯುವಂತೆ ಓರೆಯಾಗಿ ಕತ್ತರಿಸಿದರೆ ಮಣ್ಣು ಮೊಗೆಯುವ ಸಲಿಕೆ ಸಿದ್ಧವಾಗುತ್ತದೆ. ಅಂಚನ್ನು ಉಜ್ಜಿ ನಯಗೊಳಿಸಿಕೊಳ್ಳಬೇಕು, ಇಲ್ಲವಾದರೆ ಕೈ ಕೊಯ್ಯುತ್ತದೆ. ಮುರಿದ ಕೋಲೊಂದರ ತುದಿಯನ್ನು ಚೂಪಾಗಿ ಕೆತ್ತಿ, ಸೆಂಟಿಮೀಟರಿಗೊಂದರಂತೆ ಗೀರು ಹಾಕಿಕೊಂಡಿದ್ದೇನೆ.

ಬೀಜಕ್ಕೆ ಮೊದಲ ಗೀರಿನವರೆಗಿನ ಆಳವೇ ಧಾರಾಳ. ಆದರೆ ಗೇಣುದ್ದ ಬೆಳೆದ ಸಸಿಯನ್ನು ಕುಂಡಕ್ಕೆ ದಾಟಿಸುವಾಗ ಲೆಕ್ಕ ಬದಲಾಗುತ್ತದೆ. ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೂಳುತ್ತೇನೆ. ಹೂತ ಕಾಂಡದ ಮೈಯಿಂದಲೇ ಹೊಸ ಬೇರುಗಳು ಒಡೆಯುವುದು ಟೊಮೆಟೊದ ವಿಶೇಷ. ಕುಂಡ ಗಿಡಕ್ಕೊಂದರಂತೆ 15ರಿಂದ 20 ಲೀಟರಿನದಾಗಿರಬೇಕು, ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಸಿಗಬೇಕು.

ನನ್ನ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಮಾತ್ರ ನೀರಿನ ಬಾಟಲಿ. ಮುಚ್ಚಳಕ್ಕೆ ಕಾದ ಸೂಜಿಯಿಂದ ಎರಡು ಮೂರು ತೂತು ಚುಚ್ಚಿ, ಮಣ್ಣು ಸೇರಿ ಕಟ್ಟಿಕೊಳ್ಳದಂತೆ ಹಳೆಯ ಹತ್ತಿ ಬಟ್ಟೆ ಸುತ್ತಿ, ತಳ ಕತ್ತರಿಸಿದ ಬಾಟಲಿಯನ್ನು ಸಸಿ ನೆಡುವಾಗಲೇ ಬುಡದ ಪಕ್ಕ ತಲೆಕೆಳಗಾಗಿ ಹೂಳುತ್ತೇನೆ. ಆಮೇಲೆ ಹೂಳಹೊರಟರೆ ಬೇರು ತುಂಡಾಗುತ್ತದೆ. ತುಂಬಿದ ನೀರು ನಿಧಾನವಾಗಿ ಬೇರಿನ ಮಟ್ಟಕ್ಕೇ ಇಳಿಯುವುದರಿಂದ ಎಲೆಗಳು ಒದ್ದೆಯಾಗುವುದಿಲ್ಲ, ಮಣ್ಣು ಸಿಡಿದು ಕೆಳಗಿನ ಎಲೆಗಳಿಗೆ ಚುಕ್ಕೆ ರೋಗ ಅಂಟುವುದೂ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುಂಡ ಒಮ್ಮೆ ಬಿರಿಯುವಷ್ಟು ಒಣಗಿ ಮತ್ತೊಮ್ಮೆ ಕೆಸರಾಗುವುದು ತಪ್ಪುತ್ತದೆ. ಕಾಯಿಯ ತುದಿ ಕಪ್ಪಾಗಿ, ಗುಳಿಬಿದ್ದು ಚರ್ಮದಂತಾಗುವುದನ್ನು ಕಂಡೊಡನೆ ಹಲವರು ಮೊಟ್ಟೆಯ ಚಿಪ್ಪು ಹಾಕತೊಡಗುತ್ತಾರೆ. ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದೇ ಅದಕ್ಕೆ ಕಾರಣವೆಂಬುದು ನಿಜ. ಆದರೆ ಕ್ಯಾಲ್ಸಿಯಂ ಮಣ್ಣಿನಲ್ಲಿದ್ದರೂ ನೀರಿನ ಜೊತೆಯಲ್ಲಿಯೇ ಮೇಲೇರಬೇಕು, ಚಿಪ್ಪಂತೂ ಕರಗಲು ಬಹುಕಾಲ ಹಿಡಿಯುತ್ತದೆ. ಆದ್ದರಿಂದ ನಾನು ಮೊದಲು ನೋಡುವುದು ಬಾಟಲಿಯ ತೂತು ಕಟ್ಟಿದೆಯೇ ಎಂಬುದನ್ನು.

ಆಸರೆಗೆ ಯಾವ ಗಟ್ಟಿ ಕೋಲಾದರೂ ನಡೆಯುತ್ತದೆ. ಕಾಂಡವನ್ನು ದಾರದಿಂದ ಬಿಗಿದರೆ ಅದು ದಪ್ಪವಾದಂತೆ ಕೊರೆದುಕೊಳ್ಳುವುದರಿಂದ, ಹಳೆಯ ಬನಿಯನ್ನಿನ ಪಟ್ಟಿಯನ್ನು ಕೋಲು ಮತ್ತು ಕಾಂಡದ ನಡುವೆ ಒಮ್ಮೆ ತಿರುಚಿ ಸಡಿಲವಾಗಿ ಕಟ್ಟುತ್ತೇನೆ. ಹೂವು ಬಿಟ್ಟಾಗ ಬೆಳಗಿನ ಹೊತ್ತು ಅದೇ ಕೋಲನ್ನು ಬೆರಳಿನಿಂದ ತಟ್ಟುತ್ತೇನೆ. ಒಂದೇ ಹೂವಿನೊಳಗೆ ಪರಾಗ ಉದುರಿ ಕಾಯಿಕಟ್ಟಲು ಅಷ್ಟು ಅಲುಗಾಟ ನೆರವಾಗುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಪುಡಿಯಾಗುವುದರಿಂದ, ಬೆಳೆ ಮುಗಿದೊಡನೆ ಬಾಟಲಿಯನ್ನು ಕಿತ್ತು, ಮುಂದಿನ ಸಸಿಗೆ ಬೇರೊಂದನ್ನು ತೂತು ಮಾಡಿಟ್ಟುಕೊಳ್ಳುತ್ತೇನೆ.