ತಾನೇ ನುಡಿಸುವ ಮಿಡಿ ಪೆಟ್ಟಿಗೆ ಮತ್ತು ಅದರ 'ಮರೆವು' ನಾಬ್

ನನಗೆ ಬೇಕಿದ್ದಿದ್ದು ನಾಲ್ಕು ನಾಬ್ ಇರುವ ಒಂದು ಸಣ್ಣ ಪೆಟ್ಟಿಗೆ. ಯುಎಸ್‌ಬಿ ಕೇಬಲ್ ಚುಚ್ಚಿದ ಕೂಡಲೇ ಕಂಪ್ಯೂಟರ್‌ನಲ್ಲಿರುವ ವರ್ಚುವಲ್ ಪಿಯಾನೋ, ಸಿಂಥ್‌ಗಳನ್ನು (ಸಾಫ್ಟ್‌ವೇರ್ ರೂಪದ ವಾದ್ಯಗಳನ್ನು) ಅದೇ ನುಡಿಸಬೇಕು. ನಾನು ನಾಬ್ ತಿರುಗಿಸುತ್ತಾ ದಾರಿ ತೋರಿಸಬೇಕು.

ಎಟಿಮೆಗಾ 32ಯು4 ಚಿಪ್ ಇರುವ ಆರ್ಡುಯಿನೋ ಮಾದರಿಯ ಬೋರ್ಡ್ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ತಗೊಂಡೆ. ಈ ಚಿಪ್‌ಗೆ ಯುಎಸ್‌ಬಿ ನೇರವಾಗಿ ಬರುತ್ತದೆ. ಹಾಗಾಗಿ ಕಂಪ್ಯೂಟರ್ ಇದನ್ನು ಮಿಡಿ ಸಾಧನ ಅಂತಲೇ ಗುರುತಿಸುವ ಹಾಗೆ ಕೋಡ್ ಬರೆಯಬಹುದು. ಮಿಡಿ ಅಂದರೆ ಏನು ನುಡಿಸಬೇಕು ಅಂತ ವಾದ್ಯಗಳಿಗೆ ಸಂಖ್ಯೆಗಳಲ್ಲಿ ಹೇಳುವ ಭಾಷೆ. ಒಂದು ಸ್ವರ ನುಡಿಸಲು ಮೂರು ಬೈಟ್ ಸಾಕು: 144, 60, 90. ಮೊದಲನೆಯದು 'ಒಂದನೇ ಚಾನೆಲ್‌ನಲ್ಲಿ ಶುರು ಮಾಡು', ಎರಡನೆಯದು ಯಾವ ಸ್ವರ, ಮೂರನೆಯದು ಎಷ್ಟು ಜೋರು. 1983ರಲ್ಲಿ ಬಂದ ಈ ಭಾಷೆ ಇವತ್ತಿಗೂ ಹಾಗೇ ಕೆಲಸ ಮಾಡುತ್ತದೆ. ನನಗಂತೂ ಅದರ ಮೇಲೆ ತುಂಬಾ ಗೌರವ.

ಮೊದಲ ಕೋಡ್ ಸುಲಭ. ಮೋಹನ ರಾಗದ ಐದು ಸ್ವರ ಕೊಟ್ಟೆ: 60, 62, 64, 67, 69. ಅದರಲ್ಲಿ ಯಾವುದಾದರೂ ಒಂದನ್ನು ಆರಿಸಿ ನುಡಿಸು ಅಂದೆ. ತಪ್ಪು ಸ್ವರ ಒಂದೂ ಬರಲಿಲ್ಲ. ಆದರೂ ಎರಡು ನಿಮಿಷಕ್ಕೆ ಬೇಜಾರಾಯಿತು. ಯಾಕೆ ಅಂತ ಎರಡು ದಿನ ಯೋಚಿಸಿದೆ. ಹಾಡು ಮನಸ್ಸಿಗೆ ಹತ್ತೋದು ಕೇಳಿದ್ದೇ ಮತ್ತೆ ಬಂದಾಗ ಅಲ್ವಾ? ನನ್ನ ಪೆಟ್ಟಿಗೆಗೆ ನೆನಪೇ ಇರಲಿಲ್ಲ.

ಬಿಡಿ ಭಾಗಗಳನ್ನು ತಂತಿಯಿಂದ ಜೋಡಿಸಿ ನುಡಿಸುವ ಮಾಡ್ಯುಲರ್ ಸಿಂಥ್‌ನವರು ಇದಕ್ಕೆ ಶಿಫ್ಟ್ ರಿಜಿಸ್ಟರ್ ಬಳಸುತ್ತಾರೆ. ಹದಿನಾರು ಬಿಟ್‌ಗಳ, ಅಂದರೆ 0 ಅಥವಾ 1ಗಳ, ಒಂದು ಸಾಲು ಅಂದುಕೊಳ್ಳಿ. ಪ್ರತಿ ಹೆಜ್ಜೆಗೂ ಸಾಲು ಒಂದು ಸ್ಥಾನ ಸರಿಯುತ್ತದೆ. ಈ ತುದಿಯಲ್ಲಿ ಹೊರಬಿದ್ದ ಬಿಟ್ ಆ ತುದಿಯಲ್ಲಿ ಮತ್ತೆ ಒಳಗೆ ಬರುತ್ತದೆ. ಅದರಲ್ಲಿ ಎಂಟು ಬಿಟ್ ಓದಿದರೆ 0ಯಿಂದ 255ರ ಒಳಗಿನ ಒಂದು ಸಂಖ್ಯೆ. ಅದನ್ನು ಎರಡು ಸ್ಥಾಯಿಯ ಸ್ವರಗಳಿಗೆ ಹಂಚಿದೆ. ಬಿಟ್ ಒಳಗೆ ಬರುವಾಗ 0 ಇದ್ದದ್ದು 1 ಆಗುವ, 1 ಇದ್ದದ್ದು 0 ಆಗುವ ಸಾಧ್ಯತೆ ಎಷ್ಟು ಅನ್ನೋದನ್ನು ಒಂದು ನಾಬ್‌ಗೆ ಕೊಟ್ಟೆ. ಆ ನಾಬ್‌ಗೆ 'ಮರೆವು' ಅಂತ ಹೆಸರಿಟ್ಟೆ.

ಮರೆವು ಸೊನ್ನೆಗೆ ಇಟ್ಟರೆ ಹದಿನಾರು ಹೆಜ್ಜೆಯ ಒಂದೇ ಹಾಡು ಸುತ್ತುತ್ತಲೇ ಇರುತ್ತದೆ. ನಡುವೆ ಇಟ್ಟರೆ ಬರೀ ಗೊಂದಲ. ಸೊನ್ನೆಯಿಂದ ಸ್ವಲ್ಪವೇ ಮೇಲಕ್ಕೆ, ನೂರರಲ್ಲಿ ಐದರಷ್ಟು ಇಟ್ಟಾಗ, ಅಬ್ಬಾ! ಹಾಡು ಅದೇ ಅನಿಸುತ್ತಿರುತ್ತದೆ, ಅಷ್ಟರಲ್ಲಿ ಒಂದು ತಿರುವು ಹೊಸದಾಗಿರುತ್ತದೆ. ಆ ರಾತ್ರಿ ಎಷ್ಟು ಹೊತ್ತು ಸುಮ್ನೆ ಕೇಳುತ್ತಾ ಕೂತಿದ್ದೆ ಅಂತ ನನಗೇ ನೆನಪಿಲ್ಲ. ಪೂರ್ತಿ ಆ ಕಡೆ ತಿರುಗಿಸಿದರೆ ಪ್ರತಿ ಬಿಟ್ಟೂ ತಿರುವುಮುರುವು ಆಗುತ್ತದೆ. ಎರಡು ಸುತ್ತಿಗೆ ಅದು ಮೊದಲಿನಂತಾಗುವುದರಿಂದ ಆಗ ಹಾಡು ಮೂವತ್ತೆರಡು ಹೆಜ್ಜೆಯದಾಗುತ್ತದೆ. ಇದು ನಾನು ಎದುರುನೋಡದೆ ಸಿಕ್ಕಿದ ಉಡುಗೊರೆ.

ಜಾಸ್ತಿ ಕಾಡಿದ್ದು ನಿಲ್ಲದ ಸ್ವರ. ನುಡಿಸುತ್ತಿರುವಾಗ ಶ್ರುತಿಯ ನಾಬ್ ತಿರುಗಿಸಿದರೆ ಒಂದು ಸ್ವರ ಹಾಗೇ ಕೂಗುತ್ತಾ ಉಳಿಯುತ್ತಿತ್ತು. ಕಾರಣ ಹೀಗಿತ್ತು: 64 ಅನ್ನು ಶುರು ಮಾಡಿದ್ದೇನೆ. ನಿಲ್ಲಿಸುವ ಹೊತ್ತಿಗೆ ಶ್ರುತಿ ಎರಡು ಮೆಟ್ಟಿಲು ಮೇಲೇರಿದೆ. ಕೋಡ್ ಮತ್ತೆ ಲೆಕ್ಕ ಹಾಕಿ 66 ಅನ್ನು ನಿಲ್ಲಿಸು ಅನ್ನುತ್ತದೆ. 64ರ ಪಾಡನ್ನು ಕೇಳುವವರೇ ಇಲ್ಲ! ಶುರು ಮಾಡಿದ ಸಂಖ್ಯೆಯನ್ನೇ ಬರೆದಿಟ್ಟುಕೊಂಡು ಅದನ್ನೇ ನಿಲ್ಲಿಸಲು ಹೇಳಿದೆ, ಸರಿಹೋಯಿತು. ಎಲ್ಲ ಸ್ವರ ನಿಲ್ಲಿಸು ಅನ್ನುವ 123ನೇ ಕಂಟ್ರೋಲ್ ಸಂದೇಶವೂ ಇದೆ. ಆದರೆ ಎಲ್ಲ ವರ್ಚುವಲ್ ವಾದ್ಯಗಳೂ ಅದಕ್ಕೆ ಕಿವಿಗೊಡುವುದಿಲ್ಲ. ಅದನ್ನೇ ನಂಬಬೇಡಿ.

ತಾಳಕ್ಕೆ ಮೊದಲು ಡಿಲೇ, ಅಂದರೆ 'ಇಷ್ಟು ಹೊತ್ತು ಕಾದಿರು' ಅನ್ನುವ ಆಜ್ಞೆ, ಬಳಸಿದ್ದೆ. ಡಿಲೇ ಮುಗಿಯುವ ತನಕ ಚಿಪ್ ನಾಬ್ ಕಡೆ ನೋಡುವುದೇ ಇಲ್ಲ. ಅದನ್ನು ತೆಗೆದು ರೆಕಾರ್ಡಿಂಗ್ ಸಾಫ್ಟ್‌ವೇರ್ ಕಳಿಸುವ ಮಿಡಿ ಕ್ಲಾಕ್ ಹಿಡಿದೆ. ಒಂದು ಬೀಟ್‌ಗೆ 24 ತಟ್ಟು ಬರುತ್ತವೆ. ಆರು ತಟ್ಟಿಗೆ ಒಂದು ಹೆಜ್ಜೆ.

ನಾಬ್‌ಗಳದ್ದು ಇನ್ನೊಂದು ಕಿರಿಕಿರಿ. ಚಿಪ್ ನಾಬ್‌ನ ಸ್ಥಾನವನ್ನು 0ಯಿಂದ 1023ರ ಒಳಗಿನ ಸಂಖ್ಯೆಯಾಗಿ ಓದುತ್ತದೆ. ಕೈ ಮುಟ್ಟದಿದ್ದರೂ ಆ ಓದು 511, 512 ಅಂತ ಅಲ್ಲಾಡುತ್ತಿತ್ತು. ಅದನ್ನು ಮಿಡಿಯ 0ಯಿಂದ 127ರ ಅಳತೆಗೆ ಇಳಿಸಿದರೆ 63, 64, 63, 64 ಅಂತ ಸಂದೇಶಗಳ ಸುರಿಮಳೆ. ಓದು ಎಂಟಕ್ಕಿಂತ ಜಾಸ್ತಿ ಸರಿದರೆ ಮಾತ್ರ ಕಳಿಸು ಅಂದೆ.

ಕೊನೆಗೆ ವಾದ್ಯಗಳ ಸ್ವಭಾವ. ಪಿಯಾನೋಗೆ ಮೂರನೇ ಬೈಟ್‌ನಲ್ಲೇ ಜೀವ ಇದೆ. ಬೀಟ್ ಮೇಲೆ 90, ನಡುವೆ 60ರ ಆಸುಪಾಸು ಕೊಟ್ಟೆ, ಬೆರಳಿನ ತೂಕ ಕೇಳಿಸಿತು. ಉದ್ದ ಎಳೆಯುವ ವಯಲಿನ್‌ಗೆ ಅದು ಸಾಲಲಿಲ್ಲ. ನನ್ನ ಹತ್ತಿರ ಇರುವ ವಯಲಿನ್ ಜೋರು-ಮೆಲ್ಲಗೆ ಅನ್ನುವುದನ್ನು ಮಿಡಿಯ 1ನೇ ಕಂಟ್ರೋಲ್ ಸಂದೇಶದಿಂದ ತಿಳಿಯುತ್ತದೆ. ಅದಕ್ಕೊಂದು ನಿಧಾನವಾಗಿ ಏರಿಳಿಯುವ ಸಂಖ್ಯೆ ಕಳಿಸಿದೆ. ಬಿಲ್ಲು ಉಸಿರಾಡಿದ ಹಾಗಾಯಿತು.

ಈಗ ಒಂದು ಬಟನ್ ಸೇರಿಸಿದ್ದೇನೆ. ಹಾಡು ಇಷ್ಟವಾದರೆ ಒತ್ತಿದರಾಯಿತು, ಆ ಹದಿನಾರು ಬಿಟ್ ಚಿಪ್‌ನ ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಸದ ನೆನಪಿನಲ್ಲಿ) ಉಳಿಯುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಒಂದು ಹಾಡಿಗೆ ಎರಡೇ ಬೈಟ್. ಅಲ್ಲಿರುವುದು 1024 ಬೈಟ್ ಜಾಗ. 512 ಹಾಡಿಗೆ ಆಗುತ್ತದೆ. ಇವತ್ತು ಬೆಳಿಗ್ಗೆ ಹದಿನೇಳನೆಯದನ್ನು ಉಳಿಸಿದೆ.